ಠಾಣೆಗೆ ಹೋಗಲಾಗದವರ ಬಳಿಗೆ ನೆರವಿನ ವ್ಯಾನ್: ಕೊಡಗಿನಲ್ಲಿ ಆಗುತ್ತದಾ?

ಹಾರಂಗಿ ತೀರ, ಕುಶಾಲನಗರ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಕೇಳಬೇಕು ಅಂತಿದ್ದ ವಿಷಯ ಇದು. ನಾನು ಕೆಲವು ವರ್ಷ ಬೆಂಗಳೂರಿನಲ್ಲಿ ಆಪ್ತ ಸಮಾಲೋಚಕಿಯಾಗಿದ್ದೆ. ನಮ್ಮ ತಂಡ ಒಂದು ವ್ಯಾನಿನಲ್ಲಿ ಪ್ರತಿ ವಾರ ಒಂದು ಬಡಾವಣೆಗೆ ಹೋಗುತ್ತಿತ್ತು. ಚಾಕು ಇರಿತ, ಗಾಂಜಾ, ಮೀಟರ್ ಬಡ್ಡಿ ಕಾಟ ಅಂತ ಪೇಪರಿನಲ್ಲಿ ಆಗಾಗ ಬರುತ್ತಿದ್ದ ಜಾಗ. ಹೆಸರು ಬರೆಯುವುದಿಲ್ಲ. ಆ ಹೆಸರು ಹೇಳಿದರೇ ಅಲ್ಲಿಯ ಹುಡುಗರಿಗೆ ಕೆಲಸ ಸಿಗುವುದಿಲ್ಲ.

ವ್ಯಾನಿನಲ್ಲಿ ಒಬ್ಬರು ನರ್ಸ್, ಒಬ್ಬರು ವಕೀಲೆ, ನಾನು, ಮತ್ತೆ ಡ್ರೈವರ್. ಡ್ರೈವರ್ ಅದೇ ಬೀದಿಯ ಹುಡುಗ. ಶುರುವಿನಲ್ಲಿ ಯಾರೂ ಹತ್ತಿರ ಬರಲಿಲ್ಲ. ಬಂದವರೂ ಬಿಪಿ ನೋಡಿಸಿಕೊಂಡು ಹೊರಟುಬಿಡುತ್ತಿದ್ದರು. ಮುಂದಿನ ವಾರವೂ ಇವರು ಬರುತ್ತಾರಾ ಅಂತ ಜನ ದೂರದಿಂದ ನೋಡುತ್ತಿದ್ದರು ಅನ್ನುವುದು ನಿಧಾನಕ್ಕೆ ಅರ್ಥವಾಯಿತು. ಹಾಗೆ ಬಿಪಿ ನೋಡಿಸಲು ಬರುತ್ತಿದ್ದ ಒಬ್ಬ ಹೆಂಗಸು ಒಂದು ದಿನ, ರಾತ್ರಿ ಮನೆಯಲ್ಲಿ ಮಲಗಲು ಭಯವಾಗುತ್ತದೆ ಅಂದರು. ಅವರ ಮನೆಯಿಂದ ಠಾಣೆಗೆ ನಡೆದೇ ಹೋಗಬಹುದಿತ್ತು. ಆದರೆ ಠಾಣೆ ಮೆಟ್ಟಿಲು ಹತ್ತಿದ್ದನ್ನು ಯಾರಾದರೂ ಕಂಡರೆ ಸಂಜೆಯೊಳಗೆ ಗಂಡನಿಗೆ ಸುದ್ದಿ ಮುಟ್ಟುತ್ತಿತ್ತು. ಬಿಪಿ ನೋಡಿಸಲು ಹೋದರೆ ಯಾರೂ ಏನೂ ಕೇಳುವುದಿಲ್ಲ, ಅಲ್ವಾ?

ಈಗ ಊರಿಗೆ ಬಂದಿದ್ದೇನೆ. ಕೊಡಗು ಬೆಂಗಳೂರಲ್ಲ, ಗೊತ್ತು. ಆದರೂ ಕುಶಾಲನಗರದ ಹೊಸ ಬಡಾವಣೆಗಳ ಹಿಂಬದಿ, ಗೋಣಿಕೊಪ್ಪ, ಸಿದ್ದಾಪುರ ಸುತ್ತಲಿನ ಲೈನ್ ಮನೆಗಳು (ಕಾಫಿ ತೋಟದ ಕೂಲಿಯವರ ಸಾಲು ಮನೆಗಳು), ಮಡಿಕೇರಿಯ ಕೆಲವು ಓಣಿಗಳು, ಇಲ್ಲೆಲ್ಲ ಕಷ್ಟ ಇದೆ. ಹೊರಗೆ ಬರುವುದು ಕಡಿಮೆ ಅಷ್ಟೇ. ನೊಂದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ ಜಿಲ್ಲೆಗೊಂದು ಇದೆ, ತಾಲೂಕಿನಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣಾಧಿಕಾರಿ. ಕಾಗದದ ಮೇಲೆ ಎಲ್ಲವೂ ಇದೆ. ಆದರೆ ಕುಟ್ಟದ ಕಡೆಯ ಲೈನ್ ಮನೆಯವರು ಮಡಿಕೇರಿಗೆ ಹೋಗಿ ಬರುವುದು ಅಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ, ಮಕ್ಕಳನ್ನು ಯಾರ ಹತ್ತಿರ ಬಿಡುವುದು ಅನ್ನುವ ಚಿಂತೆ ಬೇರೆ.

ಇಲ್ಲಿಗೂ ಅಂಥ ಒಂದು ವ್ಯಾನ್ ಬೇಕು ಅನ್ನುವುದು ನನ್ನ ಅಭಿಪ್ರಾಯ. ವಾರಕ್ಕೊಮ್ಮೆ, ಅದೇ ದಿನ, ಅದೇ ಜಾಗ. ನಿಮ್ಮ ಊರಿನಲ್ಲಿ ಇದು ನಡೆಯುತ್ತದಾ, ಎಲ್ಲಿ ತೊಡಕಾಗಬಹುದು, ಹೇಳಿ.

ರೊಬಸ್ಟಾ ತೋಟ, ಸಿದ್ದಾಪುರ

ಮೇಡಂ, ನಿಮ್ಮ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸಿಟಿಯ ಕ್ರೈಮ್ ಏರಿಯಾಗಳಿಗೆ ಮಾಡುವ ವ್ಯವಸ್ಥೆಯನ್ನು ನಮ್ಮ ಲೈನ್ ಮನೆಗಳಿಗೆ ತಂದರೆ, ಈ ಜಾಗ ಸರಿ ಇಲ್ಲ ಅಂತ ಬೋರ್ಡ್ ಹಾಕಿದಂತೆ ಆಗುವುದಿಲ್ಲವೇ? ಹೊರಗಿನಿಂದ ಬಂದ ಕೆಲಸಗಾರರ ಮೇಲೆ ಈಗಲೇ ಜನರಿಗೆ ಅನುಮಾನ ಜಾಸ್ತಿ. ಒಂದು ಕಳ್ಳತನವಾದರೆ ಮೊದಲು ಕೈ ತೋರಿಸುವುದು ಅವರ ಕಡೆಗೇ. ನಮ್ಮ ತೋಟದಲ್ಲಿ ಅಸ್ಸಾಂನಿಂದ ಬಂದ ಕುಟುಂಬಗಳಿವೆ, ಒಳ್ಳೆಯ ಕೆಲಸಗಾರರು. ಪೊಲೀಸ್ ಗಾಡಿ ವಾರ ವಾರ ಬಂದು ನಿಂತರೆ ಮುಂದಿನ ಕೊಯ್ಲಿಗೆ ಅವರು ಬರುವುದಿಲ್ಲ.

ಇನ್ನೊಂದು ವಿಷಯ. ಸಿಟಿಯಲ್ಲಿ ಬೀದಿ ಎಲ್ಲರದ್ದು. ಲೈನ್ ಮನೆ ಇರುವುದು ತೋಟದ ಗೇಟಿನ ಒಳಗೆ. ಒಳಗೆ ಯಾರು ಬರಬಹುದು ಅನ್ನುವುದನ್ನು ಸಾಹುಕಾರರನ್ನು, ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳದೆ ತೀರ್ಮಾನ ಮಾಡುವುದಕ್ಕೆ ಆಗುವುದಿಲ್ಲ. ಇದನ್ನು ಯೋಚಿಸಿ.

ನಿವೃತ್ತ ದಫೇದಾರ್, ವಿರಾಜಪೇಟೆ

ರೊಬಸ್ಟಾ ಅವರು ಹೇಳಿದ ಮೊದಲ ಮಾತು ಸರಿ. ಗಾಡಿಯ ಮೇಲೆ ಕೆಂಪು ನೀಲಿ ದೀಪ ಇದ್ದರೆ ಅದು ನೆರವಿನ ಗಾಡಿ ಆಗುವುದಿಲ್ಲ. ನಾನು ಖಾಕಿಯಲ್ಲೇ ನೌಕರಿ ಮುಗಿಸಿದವನು, ಅದಕ್ಕೇ ಹೇಳುತ್ತಿದ್ದೇನೆ.

ಪೊಲೀಸರು ತುರ್ತಿಗೆ ಬೇಕು. 112ಕ್ಕೆ ಕರೆ ಮಾಡಿದರೆ ಬರಬೇಕು, ಬರುತ್ತಾರೆ. ಆದರೆ ಠಾಣೆಗೆ ಬರುವ ಕರೆಗಳಲ್ಲಿ ಕಾನೂನಿನ ಕೆಲಸವೇ ಅಲ್ಲದ್ದು ಎಷ್ಟೋ ಇರುತ್ತದೆ. ಕುಡಿದು ರಸ್ತೆಯಲ್ಲಿ ಬಿದ್ದಿದ್ದಾನೆ, ಮಗ ಒಬ್ಬನೇ ಮಾತಾಡುತ್ತಾನೆ, ಅತ್ತೆ ಸೊಸೆ ಜಗಳ, ಅಣ್ಣ ತಮ್ಮಂದಿರ ಬೇಲಿ ಗಲಾಟೆ. ನಾವು ಹೋಗಿ ಗದರಿಸಿ ಬರುತ್ತಿದ್ದೆವು. ಮುಂದಿನ ವಾರ ಅದೇ ಮನೆಯಿಂದ ಮತ್ತೆ ಕರೆ. ಗದರಿಸಿದರೆ ಕಾಯಿಲೆ ಹೋಗುವುದಿಲ್ಲ, ಸಾಲವೂ ತೀರುವುದಿಲ್ಲ.

ನಮ್ಮ ಗಡಿ ದಾಟಿದರೆ ಕೇರಳ. ಅಲ್ಲಿ 2008ರಲ್ಲಿ ಜನಮೈತ್ರಿ ಅಂತ ಶುರು ಮಾಡಿದರು. ಬೀಟ್ ಪೊಲೀಸರು ಕೇಸ್ ಇಲ್ಲದಿದ್ದರೂ ಮನೆ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳುವುದು. ನಮ್ಮಲ್ಲೂ 2025ರಲ್ಲಿ ಮನೆ ಮನೆಗೆ ಪೊಲೀಸ್ ಅಂತ ಶುರುವಾಗಿದೆ. ಒಳ್ಳೆಯದೇ. ಆದರೆ ಮೇಡಂ ಹೇಳುತ್ತಿರುವುದು ಬೇರೆ. ಮನೆಯ ಒಳಗೇ ಹೊಡೆಯುವವನು ಇದ್ದರೆ ಮನೆ ಬಾಗಿಲಿಗೆ ಪೊಲೀಸ್ ಬಂದು ಎಲ್ಲಾ ಆರಾಮಾ ಅಂತ ಕೇಳಿದಾಗ ಆ ಹೆಂಗಸು ಆರಾಮು ಅಂತಲೇ ಹೇಳುತ್ತಾಳೆ. ಅವನು ಪಕ್ಕದಲ್ಲೇ ನಿಂತಿರುತ್ತಾನೆ.

ಒಂದು ಉಪಯೋಗದ ಮಾಹಿತಿ ಹೇಳುತ್ತೇನೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ 173ನೇ ಕಲಂ ಪ್ರಕಾರ ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು. ಇದು ನಮ್ಮ ಸರಹದ್ದಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಮೊಬೈಲ್, ಕಂಪ್ಯೂಟರ್ ಮೂಲಕವೂ ಮಾಹಿತಿ ಕಳಿಸಬಹುದು, 3 ದಿನದೊಳಗೆ ಸಹಿ ಹಾಕಬೇಕು. ವ್ಯಾನಿನಲ್ಲಿ ಕೂತ ವಕೀಲರು ಇದನ್ನು ಬರೆದುಕೊಟ್ಟು, ಸಹಿ ಹಾಕುವ ದಿನ ಜೊತೆಗೆ ಬಂದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ಗೋಣಿಕೊಪ್ಪದವಳು

ನಾನು ಆಶಾ ಕಾರ್ಯಕರ್ತೆ. ಎಲ್ಲರೂ ಸಹಾಯವಾಣಿ ನಂಬರ್ ಹಂಚುತ್ತಾರೆ. 181 ಮಹಿಳೆಯರಿಗೆ, 1098 ಮಕ್ಕಳಿಗೆ, 15100 ಉಚಿತ ಕಾನೂನು ನೆರವಿಗೆ, 14416 ಮನಸ್ಸಿನ ತೊಂದರೆಗೆ. ನಂಬರುಗಳು ಒಳ್ಳೆಯವೇ, ನಾನೇ ಅಂಗನವಾಡಿ ಗೋಡೆಗೆ ಬರೆಸಿದ್ದೇನೆ. ಆದರೆ ಫೋನ್ ಯಾರ ಕೈಯಲ್ಲಿದೆ ನೋಡಿ. ಎಷ್ಟೋ ಲೈನ್ ಮನೆಗಳಲ್ಲಿ ಇರುವುದು ಒಂದೇ ಫೋನ್, ಅದು ಗಂಡನ ಜೇಬಿನಲ್ಲಿ. ಹೆಂಡತಿ ಯಾರಿಗೆ ಕರೆ ಮಾಡಿದಳು ಅಂತ ಅವನಿಗೆ ಕಾಣಿಸುತ್ತದೆ. ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಜೂನ್ ಜುಲೈನಲ್ಲಿ ನಮ್ಮ ಕಡೆ ದಿನಗಟ್ಟಲೆ ಹೀಗೇ ಇರುತ್ತದೆ. ಆಗಲೇ ಕೆಲಸ ಕಡಿಮೆ, ಕೈಯಲ್ಲಿ ದುಡ್ಡಿಲ್ಲ, ಎಲ್ಲರೂ ಒಂದೇ ಕೋಣೆಯಲ್ಲಿ. ಜಗಳ ಜಾಸ್ತಿ ಆಗುವುದೂ ಆಗಲೇ.

ರಾತ್ರಿ ಹೊಡೆತ ತಾಳಲಾರದೆ ಹೊರಗೆ ಓಡುವುದಕ್ಕೂ ಇಲ್ಲಿ ಆಗುವುದಿಲ್ಲ. ಸಿಟಿಯಲ್ಲಾದರೆ ಪಕ್ಕದ ಮನೆ, ಮುಂದಿನ ಅಂಗಡಿ ಅಂತ ಇರುತ್ತದೆ. ಇಲ್ಲಿ ತಿತಿಮತಿ, ಮಾಲ್ದಾರೆ ಕಡೆ ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಆನೆ ನಿಂತಿರುತ್ತದೆ. ಒಳಗೆ ಗಂಡ, ಹೊರಗೆ ಆನೆ. ಅವಳು ಎಲ್ಲಿಗೆ ಹೋಗಬೇಕು ಹೇಳಿ.

ಹಾಗಾಗಿ ಅಕ್ಕ, ವ್ಯಾನ್ ಬರಲಿ. ಆದರೆ ಹಗಲಲ್ಲಿ ಬಂದು ಹೋಗುವ ವ್ಯಾನ್ ಒಂದೇ ಸಾಲದು. ವ್ಯಾನ್ ಇಲ್ಲದ ಆರು ದಿನ ಅವಳು ರಾತ್ರಿ ಹೋಗಿ ಬಾಗಿಲು ತಟ್ಟಬಹುದಾದ ಒಂದು ಮನೆ ಅದೇ ಲೈನಿನಲ್ಲಿ ಇರಬೇಕು. ಆ ಮನೆಯವರಿಗೆ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿರಬೇಕು, ಚಾರ್ಜ್ ಇರುವ ಫೋನ್ ಇರಬೇಕು. ಅಂಥ ಮನೆ ಹುಡುಕುವುದೇ ವ್ಯಾನಿನವರ ಮೊದಲ ಕೆಲಸ ಆಗಲಿ.

ಮೂರ್ನಾಡು ಹುಡುಗ

ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ, ಈ ವಿಷಯದ ಮೇಲೆಯೇ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಓದಿದ್ದನ್ನು ಸ್ವಲ್ಪ ಹಂಚಿಕೊಳ್ಳುತ್ತೇನೆ, ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ದಫೇದಾರ್ ಸರ್ ಹೇಳಿದ ಮಾತನ್ನೇ ಅಮೆರಿಕದ ಡೆನ್ವರ್ ನಗರ 2020ರ ಜೂನ್‌ನಲ್ಲಿ ಪ್ರಯೋಗ ಮಾಡಿ ನೋಡಿತು. ತುರ್ತು ನಂಬರಿಗೆ ಬರುವ ಕರೆಗಳಲ್ಲಿ ಹಿಂಸೆ ಇಲ್ಲದವನ್ನು ಬೇರೆ ಮಾಡಿದರು. ಯಾರೋ ಅಂಗಡಿ ಮುಂದೆ ಕೂಗಾಡುತ್ತಿದ್ದಾರೆ, ಕುಡಿದು ಮಲಗಿದ್ದಾರೆ, ಇಂಥವು. ಅಲ್ಲಿಗೆ ಪೊಲೀಸರ ಬದಲು ಒಬ್ಬ ಮಾನಸಿಕ ಆರೋಗ್ಯ ತಜ್ಞರು, ಒಬ್ಬ ಆಂಬುಲೆನ್ಸ್ ಸಿಬ್ಬಂದಿ ವ್ಯಾನಿನಲ್ಲಿ ಹೋದರು. 2022ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಲೆಕ್ಕ ಹಾಕಿದಾಗ ಆ ಪ್ರದೇಶಗಳಲ್ಲಿ ದಾಖಲಾದ ಸಣ್ಣ ಅಪರಾಧಗಳು ಶೇ. 34ರಷ್ಟು ಇಳಿದಿದ್ದವು. ಹೊಡೆದಾಟ, ಕೊಲೆಯಂಥ ದೊಡ್ಡ ಅಪರಾಧಗಳಲ್ಲಿ ಬದಲಾವಣೆ ಕಾಣಲಿಲ್ಲ. ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಇದನ್ನೂ ಹೇಳಬೇಕು. ವ್ಯಾನ್ ಬಂದರೆ ಎಲ್ಲವೂ ನಿಂತುಹೋಗುತ್ತದೆ ಅಂತ ಯಾರೂ ಅಂದುಕೊಳ್ಳಬಾರದು.

ದೊಡ್ಡ ಹಿಂಸೆಗೆ ಬೇರೆ ದಾರಿ ಹಿಡಿದವರಿದ್ದಾರೆ. ಷಿಕಾಗೋದಲ್ಲಿ ಗ್ಯಾರಿ ಸ್ಲಟ್ಕಿನ್ ಅನ್ನುವ ವೈದ್ಯರು ಹಿಂಸೆಯೂ ಸಾಂಕ್ರಾಮಿಕ ರೋಗದ ಹಾಗೆ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ ಅಂದರು. ಅವರು ಮೊದಲು ಕ್ಷಯ, ಕಾಲರಾ ತಡೆಯುವ ಕೆಲಸದಲ್ಲಿ ಇದ್ದವರು. 2000ದಲ್ಲಿ ವೆಸ್ಟ್ ಗಾರ್ಫೀಲ್ಡ್ ಪಾರ್ಕ್ ಅನ್ನುವ ಬಡಾವಣೆಯಲ್ಲಿ ಶುರು ಮಾಡಿದರು. ಅದೇ ಬೀದಿಯಲ್ಲಿ ಬೆಳೆದವರನ್ನು, ಕೆಲವರು ಜೈಲಿಗೆ ಹೋಗಿ ಬಂದವರನ್ನೂ ಕೆಲಸಕ್ಕೆ ತೆಗೆದುಕೊಂಡರು. ಒಬ್ಬನಿಗೆ ಗುಂಡು ಬಿದ್ದರೆ ಅವನ ಸ್ನೇಹಿತರು ಸೇಡಿಗೆ ಹೊರಡುವ ಮುಂಚೆ ಇವರು ಹೋಗಿ ಕೂರುವುದು, ಮಾತಾಡುವುದು, ರಾತ್ರಿ ಕಳೆಯುವವರೆಗೂ ಜೊತೆಗಿರುವುದು. ಹೊರಗಿನಿಂದ ಬಂದ ಅಧಿಕಾರಿಯ ಮಾತನ್ನು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಹಾರಂಗಿ ಮೇಡಂ ಅವರ ವ್ಯಾನಿನ ಡ್ರೈವರ್ ಅದೇ ಬೀದಿಯವನು ಅಂದರಲ್ಲ, ಅದನ್ನು ಓದಿದಾಗ ನನಗೆ ಇದು ನೆನಪಾಯಿತು.

ನಮ್ಮ ದೇಶದ್ದೂ ಒಂದು ಇದೆ. ಮುಂಬೈಯ ಕಾಮಾಠಿಪುರದಲ್ಲಿ ಪ್ರೇರಣಾ ಸಂಸ್ಥೆ 1988ರಲ್ಲಿ ರಾತ್ರಿ ಮಕ್ಕಳ ಕೇಂದ್ರ ಶುರು ಮಾಡಿತು. ತಾಯಂದಿರು ರಾತ್ರಿ ಲೈಂಗಿಕ ವೃತ್ತಿಯಲ್ಲಿ ದುಡಿಯುವ ಬೀದಿ, ಮಕ್ಕಳಿಗೆ ಅಪಾಯ ಜಾಸ್ತಿ ಇರುವುದು ರಾತ್ರಿಯೇ. ಹಾಗಾಗಿ ಕೇಂದ್ರವೂ ರಾತ್ರಿಯೇ ತೆರೆದಿರಬೇಕು. ಅಪಾಯ ಯಾವ ಹೊತ್ತಿನಲ್ಲಿ ಇದೆಯೋ ಆ ಹೊತ್ತಿನಲ್ಲಿ ನೆರವು ಸಿಗಬೇಕು. ಆಫೀಸ್ ಟೈಮ್ ಹತ್ತರಿಂದ ಐದೂವರೆ ಅಂದರೆ ಏನೂ ಪ್ರಯೋಜನ ಇಲ್ಲ. ಗೋಣಿಕೊಪ್ಪದ ಅಕ್ಕ ಹೇಳಿದ್ದೂ ಇದನ್ನೇ ಅಲ್ವಾ.

ಇನ್ನೊಂದು, ಬೀದಿ ದೀಪ. ನ್ಯೂಯಾರ್ಕ್‌ನಲ್ಲಿ 2016ರಲ್ಲಿ ಕೆಲವು ಸರ್ಕಾರಿ ವಸತಿ ಸಮುಚ್ಚಯಗಳಿಗೆ ಎಳೆದು ತಂದು ನಿಲ್ಲಿಸುವ ದೀಪದ ಕಂಬಗಳನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ದೀಪ ಬಂದ ಕಡೆ ರಾತ್ರಿ ಹೊರಗಡೆ ನಡೆಯುವ ಗಂಭೀರ ಅಪರಾಧ ಸುಮಾರು ಶೇ. 36ರಷ್ಟು ಕಡಿಮೆ ಆಯಿತು ಅಂತ ಅಧ್ಯಯನ ಹೇಳುತ್ತದೆ. ನಮ್ಮ ಬಸ್‌ಸ್ಟಾಂಡುಗಳ ಹಿಂದೆ ಸಂಜೆ ಏಳರ ಮೇಲೆ ಒಂದು ಸಲ ನಡೆದು ನೋಡಿ. ಪಂಚಾಯಿತಿ ಮನಸ್ಸು ಮಾಡಿದರೆ ಆಗುವ ಕೆಲಸ ಇದು.

ಸೋಮವಾರಪೇಟೆ ಅಂಗಡಿ

ಓದುವುದಕ್ಕೆ ಚೆನ್ನಾಗಿದೆ ಎಲ್ಲಾ. ದುಡ್ಡು ಯಾರು ಕೊಡುತ್ತಾರೆ? ಇಂಥ ಎಷ್ಟೋ ಗಾಡಿಗಳ ಉದ್ಘಾಟನೆ ನೋಡಿದ್ದೇವೆ. ಟೇಪು ಕತ್ತರಿಸುತ್ತಾರೆ, ಫೋಟೋ ಬರುತ್ತದೆ, ಆಮೇಲೆ ಡೀಸೆಲ್‌ಗೆ ಬಿಲ್ ಪಾಸಾಗಿಲ್ಲ, ಡ್ರೈವರ್ ಗುತ್ತಿಗೆ ಮುಗಿಯಿತು ಅಂತ ಗಾಡಿ ಶೆಡ್ಡಿನಲ್ಲಿ ನಿಲ್ಲುತ್ತದೆ. ಹಳೆಯ ಕಚೇರಿ ಕಟ್ಟಡದ ಹಿಂದೆ ಹುಲ್ಲು ಬೆಳೆದ ಜೀಪುಗಳನ್ನು ನೋಡಿಲ್ಲವೇ.

ನಾನು ಬೇಡ ಅನ್ನುತ್ತಿಲ್ಲ. ಆದರೆ ಒಂದು ಸಲ ಬಂದು ನಂಬಿಸಿ, ಆಮೇಲೆ ಬರದೇ ಹೋದರೆ ಮೊದಲಿಗಿಂತ ಕಷ್ಟ. ಗುಟ್ಟು ಹೇಳಿಕೊಂಡವಳು ನಡುನೀರಿನಲ್ಲಿ ನಿಲ್ಲುತ್ತಾಳೆ.

ಮೂರ್ನಾಡು ಹುಡುಗ

ಅಣ್ಣ, ನಿಮ್ಮ ಮಾತು ನೂರಕ್ಕೆ ನೂರು ಸರಿ. ಅಮೆರಿಕದಲ್ಲಿ ಇಂಥ ಕೆಲಸಕ್ಕೆ ದಾರಿ ತೋರಿಸಿದ್ದೇ ಆರೆಗನ್ ರಾಜ್ಯದ ಯೂಜೀನ್ ನಗರದ ವ್ಯಾನ್, ಕಹೂಟ್ಸ್ ಅಂತ ಹೆಸರು. 1989ರಲ್ಲಿ ಶುರುವಾಗಿ ಮೂರು ದಶಕ ದಾಟಿ ನಡೆಯಿತು. ಎಷ್ಟೋ ನಗರಗಳು ಅದನ್ನು ನೋಡಿ ಕಲಿತವು. ಅದೇ ಊರಿನಲ್ಲಿ 2025ರ ಏಪ್ರಿಲ್‌ನಲ್ಲಿ ದುಡ್ಡಿನ ತೊಂದರೆಯಿಂದ ನಿಂತುಹೋಯಿತು. ಅಷ್ಟು ಹೆಸರು ಮಾಡಿದ್ದೇ ನಿಂತಿತು ಅಂದರೆ ನಮ್ಮದು ವರ್ಷ ವರ್ಷದ ಅನುದಾನ ನಂಬಿಕೊಂಡರೆ ಹೇಗೆ.

ಮಡಿಕೇರಿ ನರ್ಸ್

ಆಸ್ಪತ್ರೆಯ ಕಡೆಯಿಂದ ಒಂದೆರಡು ಮಾತು. ವ್ಯಾನಿನಲ್ಲಿ ಕೂತವರು ಕುಡಿಯುವುದನ್ನು ಇವತ್ತೇ ಬಿಟ್ಟುಬಿಡು ಅಂತ ಪ್ರಮಾಣ ಮಾಡಿಸುವುದು ಮಾತ್ರ ಬೇಡ. ವರ್ಷಗಟ್ಟಲೆ ದಿನಾ ಕುಡಿದವರು ದಿಢೀರ್ ಅಂತ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಎಲ್ಲಾ ಆಗಬಹುದು. ಜೀವಕ್ಕೇ ಅಪಾಯ. ದೇವರ ಮುಂದೆ ಆಣೆ ಮಾಡಿಸಿ ಮನೆಗೆ ಕಳಿಸಿದವರನ್ನು ನಾವು ವಾರ್ಡಿನಲ್ಲಿ ನೋಡುತ್ತೇವೆ. ಔಷಧಿ ಕೊಟ್ಟು, ವಿಟಮಿನ್ ಕೊಟ್ಟು, ನಿಗಾ ಇಟ್ಟು ಬಿಡಿಸಬೇಕು. ವ್ಯಾನಿನ ಕೆಲಸ ಅವರನ್ನು ಆಸ್ಪತ್ರೆವರೆಗೆ ಕರೆತರುವುದು, ಡಿಸ್ಚಾರ್ಜ್ ಆದ ಮೇಲೆ ಮುಂದಿನ ವಾರ ಅದೇ ಲೈನಿಗೆ ಹೋಗಿ ಮಾತಾಡಿಸುವುದು. ಈ ಎರಡನೆಯದ್ದನ್ನು ನಾವು ಆಸ್ಪತ್ರೆಯಲ್ಲಿ ಕೂತು ಮಾಡುವುದಕ್ಕೆ ಆಗುವುದಿಲ್ಲ.

ಇನ್ನೊಂದು ಮಾತು, ದಯವಿಟ್ಟು ಯಾರೂ ತಪ್ಪು ತಿಳಿಯಬೇಡಿ. ನಾನೂ ಕೋವಿಗೆ ಪೂಜೆ ಮಾಡುವ ಮನೆಯವಳೇ. ಕೈಲ್ ಪೋಳ್ದ್ ನಮಗೆ ದೊಡ್ಡ ಹಬ್ಬ, ಕೋವಿ ನಮ್ಮ ಗೌರವ. ಆದರೆ ಲೈಸೆನ್ಸ್ ಇಲ್ಲದೆಯೇ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇರುವ ಜಿಲ್ಲೆಯಲ್ಲಿ, ಕುಡಿತ, ಸಾಲ, ಮನಸ್ಸಿನ ಕುಗ್ಗುವಿಕೆ ಇರುವ ಮನೆಯಲ್ಲಿ ಕೋವಿ ಎಲ್ಲಿದೆ, ಗುಂಡು ಎಲ್ಲಿದೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳದೆ ಇರುವುದಕ್ಕೆ ಆಗುವುದಿಲ್ಲ. ಸಿಟ್ಟಾಗಲಿ, ಸಾಯಬೇಕು ಅನ್ನುವ ಯೋಚನೆಯಾಗಲಿ ಜಾಸ್ತಿ ಹೊತ್ತು ಅದೇ ತೀವ್ರತೆಯಲ್ಲಿ ಇರುವುದಿಲ್ಲ. ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. ಒಕ್ಕದ, ಅಂದರೆ ಮನೆತನದ, ಹಿರಿಯರ ಜೊತೆ ಗೌರವದಿಂದ ಮಾತಾಡಿ ಕೋವಿ ಒಂದು ಕಡೆ, ಗುಂಡು ಒಂದು ಕಡೆ ಬೀಗ ಹಾಕಿಸಿ, ಕೀಲಿಯನ್ನು ಬೇರೆಯವರ ಕೈಗೆ ಕೊಡಿಸಬಹುದು. ತೋಟಕ್ಕೆ ಹೊಡೆಯುವ ವಿಷದ ಡಬ್ಬಿಗೂ ಇದೇ ಮಾತು. ಅದು ಲೈನ್ ಮನೆಯ ಅಟ್ಟದ ಮೇಲೆ ಇರಲೇಬಾರದು.

ನಿವೃತ್ತ ದಫೇದಾರ್, ವಿರಾಜಪೇಟೆ

ನರ್ಸ್ ಮೇಡಂ, ಇದನ್ನು ಬಾಯಿ ಬಿಟ್ಟು ಹೇಳಿದ್ದಕ್ಕೆ ಧನ್ಯವಾದ. ಪೊಲೀಸ್ ಕೇಳಿದರೆ ಕೋವಿ ಕಿತ್ತುಕೊಳ್ಳುತ್ತಾರೆ ಅನ್ನುವ ಭಯ ಬರುತ್ತದೆ. ಹಿರಿಯರೋ ನರ್ಸೋ ಕೇಳಿದರೆ ಒಪ್ಪುತ್ತಾರೆ.

ಹಾಡಿಯಿಂದ

ನಾನು ಪೊನ್ನಂಪೇಟೆ ತಾಲೂಕಿನ ಒಂದು ಹಾಡಿಯವನು, ಅಂದರೆ ಆದಿವಾಸಿಗಳ ಊರಿನವನು. ನೀವೆಲ್ಲ ಒಳ್ಳೆಯ ಮನಸ್ಸಿನಿಂದ ಮಾತಾಡುತ್ತಿದ್ದೀರಿ. ಆದರೆ ನಮ್ಮ ಹಾಡಿಗೆ ಗಾಡಿ ಬಂದರೆ ನಮ್ಮ ಅಜ್ಜಿ ಈಗಲೂ ಮಕ್ಕಳನ್ನು ಒಳಗೆ ಕರೆಯುತ್ತಾರೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಲು ಬಂದದ್ದೂ ಸರ್ಕಾರದ ಗಾಡಿಗಳೇ. ಅದನ್ನು ಯಾರೂ ಮರೆತಿಲ್ಲ. ಆಮೇಲೆ ಎಷ್ಟೋ ತಂಡಗಳು ಬಂದವು. ಹೆಸರು ಬರೆದುಕೊಂಡರು, ಹೆಬ್ಬೆಟ್ಟು ಒತ್ತಿಸಿದರು, ಫೋಟೋ ತೆಗೆದರು, ಹೋದರು. ನಮಗೆ ಅದರಿಂದ ಏನಾಯಿತು ಅಂತ ಯಾರೂ ಬಂದು ಹೇಳಲಿಲ್ಲ.

ನನ್ನ ಬೇಡಿಕೆ ಇಷ್ಟೇ. ಫೋಟೋ ತೆಗೆಯಬೇಡಿ. ನೊಂದವರ ಹೆಸರನ್ನು ಪಂಚಾಯಿತಿ ಸಭೆಯಲ್ಲಿ ಓದಬೇಡಿ. ವ್ಯಾನಿನಲ್ಲಿ ನಮ್ಮ ಭಾಷೆ ಗೊತ್ತಿರುವವರು ಒಬ್ಬರಾದರೂ ಇರಲಿ. ಎರವ, ಜೇನುಕುರುಬ ಹೆಣ್ಣುಮಕ್ಕಳಲ್ಲಿ ಪಿಯುಸಿ, ಡಿಗ್ರಿ ಓದಿ ಕೆಲಸ ಇಲ್ಲದೆ ಕೂತವರು ಇದ್ದಾರೆ. ಅವರಿಗೆ ತರಬೇತಿ ಕೊಟ್ಟು ಸಂಬಳ ಕೊಟ್ಟು ಇಟ್ಟುಕೊಳ್ಳಿ. ಬಿಟ್ಟಿ ಸೇವೆ ಅಂತ ಕರೆಯಬೇಡಿ. ಮತ್ತೆ, ನಮಗೆ ಆಗುವ ಹಿಂಸೆ ಎಲ್ಲವೂ ಗಂಡ ಕುಡಿದು ಹೊಡೆಯುವುದಲ್ಲ. ಕೂಲಿ ಕೊಡದೆ ಇಟ್ಟುಕೊಳ್ಳುವುದು, ಮುಂಗಡ ಸಾಲ ತೀರುವವರೆಗೂ ಬಿಟ್ಟು ಹೋಗಲು ಬಿಡದೆ ಇರುವುದು, ಅದೂ ಹಿಂಸೆಯೇ. ಅದನ್ನು ಹೇಳಿದರೂ ವ್ಯಾನಿನವರು ಬರೆದುಕೊಳ್ಳುತ್ತಾರಾ, ಅಥವಾ ಅದು ಬೇರೆ ಇಲಾಖೆ ಅನ್ನುತ್ತಾರಾ?

ಹಾರಂಗಿ ತೀರ, ಕುಶಾಲನಗರ

ಎಲ್ಲವನ್ನೂ ಓದಿದೆ. ಹಾಡಿಯ ತಮ್ಮನ ಪ್ರಶ್ನೆಗೆ ಮೊದಲು ಉತ್ತರ. ಬರೆದುಕೊಳ್ಳಲೇಬೇಕು. ಜೀತ ಪದ್ಧತಿ 1976ರ ಕಾಯ್ದೆಯಿಂದಲೇ ಅಪರಾಧ. ಕೂಲಿ, ಸಾಲದ ವಿಷಯ ಬಿಟ್ಟು ಬರೀ ಗಂಡ ಹೆಂಡತಿ ಜಗಳ ಬಿಡಿಸುವ ವ್ಯಾನ್ ಆದರೆ ಅದು ಅರ್ಧ ಕೆಲಸ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ನೆರೆಯಂಥ ವಿಪತ್ತಿಗೆ ಸಿಕ್ಕವರಿಗೂ ಉಚಿತ. 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡವರಲ್ಲಿ ಇದು ಗೊತ್ತಿದ್ದವರು ಎಷ್ಟು ಜನ ಹೇಳಿ. ಅದಕ್ಕೇ ವ್ಯಾನಿನಲ್ಲಿ ವಕೀಲರು ಬೇಕು ಅಂತ ನನ್ನ ಹಟ.

ಅಂಗಡಿ ಅಣ್ಣ, ದುಡ್ಡಿನ ವಿಷಯ. ಹೊಸ ಗಾಡಿ ಕೊಳ್ಳುವುದು ಬೇಡ ಅಂತ ನನಗೂ ಅನ್ನಿಸುತ್ತಿದೆ. ಬಾಡಿಗೆಯ ಓಮ್ನಿ ಸಾಕು. ಜನಕ್ಕೆ ಗಾಡಿಯ ಗುರುತಿಗಿಂತ ಒಳಗಿರುವವರ ಮುಖದ ಗುರುತು ಮುಖ್ಯ. ವಕೀಲರನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಕೇಳೋಣ, ಅವರ ಪ್ಯಾನೆಲ್‌ನಲ್ಲಿ ವಕೀಲರು ಇದ್ದೇ ಇರುತ್ತಾರೆ. ನರ್ಸ್‌ಗೆ ಆರೋಗ್ಯ ಇಲಾಖೆ, ಸಮಾಲೋಚಕರಿಗೆ ಸಖಿ ಕೇಂದ್ರ. ಡೀಸೆಲ್, ಡ್ರೈವರ್, ಸ್ಥಳೀಯ ಹುಡುಗಿಯರ ಸಂಬಳ, ಇಷ್ಟಕ್ಕೆ ಮಾತ್ರ ದುಡ್ಡು ಹುಡುಕಬೇಕು. ಎರಡು ವರ್ಷದ್ದು ಕೈಗೆ ಬರುವ ತನಕ ಒಂದು ಜಾಗದಲ್ಲೂ ಶುರು ಮಾಡುವುದು ಬೇಡ. ಹತ್ತು ಕಡೆ ಆರು ತಿಂಗಳು ಮಾಡುವುದಕ್ಕಿಂತ ಎರಡು ಕಡೆ ಎರಡು ವರ್ಷ ಮಾಡೋಣ.

ರೊಬಸ್ಟಾ ಅವರೇ, ಬೋರ್ಡ್ ಹಾಕಿದಂತೆ ಆಗಬಾರದು ಅನ್ನುವ ನಿಮ್ಮ ಮಾತು ತಲೆಯಲ್ಲಿ ಉಳಿದಿದೆ. ಗಾಡಿಯ ಮೇಲೆ ದೌರ್ಜನ್ಯ, ಅಪರಾಧ ಅನ್ನುವ ಪದವೇ ಬೇಡ. ಬಿಪಿ, ಶುಗರ್, ರೇಷನ್ ಕಾರ್ಡ್ ಅರ್ಜಿ, ಇ-ಶ್ರಮ್ (ಅಸಂಘಟಿತ ಕಾರ್ಮಿಕರ) ನೋಂದಣಿ, ಇಷ್ಟು ಬರೆದರೆ ಸಾಕು. ಎಲ್ಲರೂ ಬರುತ್ತಾರೆ, ಯಾರು ಯಾತಕ್ಕೆ ಬಂದರು ಅಂತ ಗೊತ್ತಾಗುವುದಿಲ್ಲ.

ರೊಬಸ್ಟಾ ತೋಟ, ಸಿದ್ದಾಪುರ

ಹಾಡಿಯ ಹುಡುಗ ಬರೆದದ್ದನ್ನು ಓದಿದೆ. ಕೂಲಿ, ಮುಂಗಡದ ವಿಷಯ ಬಂದರೆ ತೋಟದವರಲ್ಲಿ ಕೆಲವರು ವ್ಯಾನನ್ನು ಗೇಟಿನ ಹತ್ತಿರವೂ ಬಿಡುವುದಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ. ಹಾಗಂತ ಎಲ್ಲರೂ ಹಾಗಿಲ್ಲ. ನಮ್ಮ ಮನೆಯಲ್ಲಿ ಮಾತಾಡಿದೆ. ಗೇಟಿನ ಹೊರಗೆ, ಅಂಗನವಾಡಿ ಪಕ್ಕ ನಮ್ಮದೇ ಜಾಗ ಇದೆ, ಕಾಫಿ ಒಣಗಿಸುವ ಕಣ ಅಲ್ಲ, ಖಾಲಿ ಜಾಗ. ಅಲ್ಲಿ ನಿಲ್ಲಿಸಬಹುದು. ಅಕ್ಕಪಕ್ಕದ ಮೂರು ನಾಲ್ಕು ತೋಟದವರು ನಡೆದು ಬರುವ ದೂರ. ಒಂದೇ ತೋಟದ ಒಳಗೆ ನಿಲ್ಲಿಸಬೇಡಿ. ಸಾಹುಕಾರರ ಕಣ್ಣೆದುರು ಯಾರು ಬಾಯಿ ಬಿಡುತ್ತಾರೆ.

ಗೋಣಿಕೊಪ್ಪದವಳು

ಅಣ್ಣ, ಅದು ಒಳ್ಳೆಯ ಜಾಗ. ದಿನದ ವಿಷಯ ಒಂದಿದೆ. ಬಟವಾಡೆ ದಿನ ಸಂಜೆ ಬಂದರೆ ಉಪಯೋಗ ಜಾಸ್ತಿ. ದುಡ್ಡು ಕೈಗೆ ಬಂದ ದಿನವೇ ಅರ್ಧ ಹೆಂಡದಂಗಡಿಗೆ ಹೋಗುವುದು, ಆ ರಾತ್ರಿಯೇ ಗಲಾಟೆ. ಆದರೆ ಅವತ್ತು ಗಂಡಸರೆಲ್ಲ ಅಲ್ಲೇ ಓಡಾಡುತ್ತಿರುತ್ತಾರೆ. ಹೆಂಗಸರು ಮಾತಾಡಬೇಕಾದರೆ ಸಂತೆಯ ಮಾರನೇ ದಿನ ಮಧ್ಯಾಹ್ನ ಊಟದ ಹೊತ್ತು ಒಳ್ಳೆಯದು. ಎರಡೂ ಆಗುತ್ತದಾ?

ಹಾರಂಗಿ ತೀರ, ಕುಶಾಲನಗರ

ಆಗಬೇಕು. ಬಟವಾಡೆ ಸಂಜೆ ನರ್ಸ್ ಮತ್ತು ಒಬ್ಬ ಗಂಡಸು ಸಮಾಲೋಚಕರು, ಗಂಡಸರ ಜೊತೆ ಕೂತು ಮಾತಾಡುವುದಕ್ಕೆ. ಸಂತೆಯ ಮಾರನೇ ದಿನ ಮಧ್ಯಾಹ್ನ ವಕೀಲೆ ಮತ್ತು ನಾನು. ಮನವಿಯ ಕರಡು ಬರೆಯುತ್ತಿದ್ದೇನೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು, ಜಿಲ್ಲಾಧಿಕಾರಿಗಳಿಗೆ ಒಂದು. ಹಾಡಿಯ ತಮ್ಮ ಹೇಳಿದ ಫೋಟೋ ಬೇಡ, ಹೆಸರು ಓದಬೇಡ, ಸಂಬಳ ಕೊಡಿ ಅನ್ನುವ ಮೂರನ್ನೂ ಷರತ್ತಾಗಿ ಮೊದಲ ಪುಟದಲ್ಲೇ ಹಾಕುತ್ತೇನೆ. ಅಸ್ಸಾಮಿ ಅಥವಾ ಬಂಗಾಳಿ ಮಾತಾಡಬಲ್ಲ ಹೆಂಗಸರು ಯಾರಾದರೂ ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಸುತ್ತ ಇದ್ದರೆ ತಿಳಿಸಿ. ಹಿಂದಿ ಒಂದರಲ್ಲೇ ಈ ಕೆಲಸ ಆಗುವುದಿಲ್ಲ.

ರೊಬಸ್ಟಾ ತೋಟ, ಸಿದ್ದಾಪುರ

ನಮ್ಮ ಲೈನಿನಲ್ಲೇ ಒಬ್ಬರು ಇದ್ದಾರೆ, ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುತ್ತಾರೆ. ಅಸ್ಸಾಮಿ, ಬಂಗಾಳಿ ಎರಡೂ ಬರುತ್ತದೆ, ಕನ್ನಡವೂ ತಕ್ಕಮಟ್ಟಿಗೆ ಕಲಿತಿದ್ದಾರೆ. ಅವರನ್ನೇ ಕೇಳಿ ಹೇಳುತ್ತೇನೆ. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು.